ಪರದೇಶಿ ಭಾಷೆಯ ಅಕ್ಕೋರು

ಅಕ್ಕೋರ ತುರುಬಿನಲ್ಲಿ ಯಾವಾಗಲೂ ಒಂದು ಪೆನ್ಸಿಲ್ ಸಿಕ್ಕಿಸಿರುತ್ತಿತ್ತು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ; ಹಿಂದೆ ಪರೀಕ್ಷೆಯ ಪೇಪರು ತಿದ್ದುವವರ ಕೈಯಲ್ಲಿ ಇರುತ್ತಿತ್ತಲ್ಲ, ಅಂಥದ್ದು. ಕೆಂಪು ತುದಿ ಕೆತ್ತಿ ಕೆತ್ತಿ ಸವೆದಿತ್ತು. ನೀಲಿ ತುದಿಯನ್ನು ಒಮ್ಮೆಯೂ ಕೆತ್ತಿದಂತಿರಲಿಲ್ಲ. ಓದುತ್ತಾ ಹೋಗುವಾಗ ತಪ್ಪು ಕಂಡಿತೆಂದರೆ ಅವರ ಬಲಗೈ ತಾನಾಗಿ ತಲೆಯ ಹಿಂದೆ ಹೋಗಿ ಪೆನ್ಸಿಲನ್ನು ಎಳೆದುಕೊಳ್ಳುತ್ತಿತ್ತು. ಕಣ್ಣು ಮಾತ್ರ ಹಾಳೆ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಪೆನ್ಸಿಲ್ ಬಂದೊಡನೆ ತುರುಬು ಬಿಚ್ಚಿಕೊಂಡು ನರೆತ ಕೂದಲು ಭುಜದ ಮೇಲೆ ಜಾರುತ್ತಿತ್ತು. ಆ ಕೂದಲು ಜಾರಿತೆಂದರೆ ನನ್ನ ಹಾಳೆಯಲ್ಲಿ ತಪ್ಪು ಸಿಕ್ಕಿತೆಂದೇ ಲೆಕ್ಕ.

ಅಕ್ಕೋರು ನಮಗೆ ನೆಂಟರೂ ಅಲ್ಲ, ಊರಿನವರೂ ಅಲ್ಲ. ನಮ್ಮದು ಉಡುಪಿ, ಮನೆಮಾತು ತುಳು. ಅವರು ಗದಗಿನ ಕಡೆಯವರು, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ವಿಧವೆ. ಇದ್ದ ಒಬ್ಬಳೇ ಮಗಳು ಮದುವೆಯಾಗಿ ಅಮೆರಿಕಕ್ಕೆ ಬಂದು, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫಾಸ್ಟರ್ ಸಿಟಿಯಲ್ಲಿದ್ದಳು. ಅವಳ ಬಾಣಂತನಕ್ಕೆಂದು ಒಮ್ಮೆ ಬಂದು ಹೋಗಿದ್ದರು. ಎರಡನೆಯ ಸಲ ಬಂದದ್ದು ಅವಳ ಕಾಯಿಲೆಗೆ. ಮಗಳು ಉಳಿಯಲಿಲ್ಲ. ಆಮೇಲೆ ಅಕ್ಕೋರು ಅಳಿಯನ ಮನೆಯಲ್ಲೇ ನಿಂತು ಮೊಮ್ಮಗಳನ್ನು ಸಾಕುತ್ತಿದ್ದರು. ನಾನು ಕಂಡಾಗ ಆ ಮಗುವಿಗೆ ಎರಡು ವರ್ಷ ತುಂಬಿ ಸ್ವಲ್ಪ ದಿನವಾಗಿತ್ತು. ಅಕ್ಕೋರಿಗೆ ಈ ದೇಶದಿಂದ ಬೇಕಾಗಿದ್ದದ್ದು ಒಂದೇ: ಆ ಕೂಸು ಇರುವ ಮನೆಯಲ್ಲಿ ತಾನೂ ಇರುವುದು. ಅವರ ಕೈಯಲ್ಲಿದ್ದದ್ದು ವಿಸಿಟರ್ ವೀಸಾ. ಅಳಿಯ ಅದನ್ನು ಒಂದು ಸಲ ಮುಂದಕ್ಕೆ ಹಾಕಿಸಿದ್ದ, ಮತ್ತೊಂದು ಸಲವೂ ಹಾಕಿಸಿದ್ದ.

ಇನ್ನು ನನ್ನ ಕಥೆ. ನಾನು ಓದುತ್ತಿದ್ದದ್ದು ಇಂಟರ್‌ನ್ಯಾಷನಲ್ ಸ್ಟಡೀಸು. ದೇಶ ದೇಶಗಳ ನಡುವಿನ ಜಗಳ, ರಾಜಿ, ವ್ಯಾಪಾರ, ಗಡಿ, ಇವುಗಳ ಓದು. ನಮ್ಮವರ ಮಕ್ಕಳೆಲ್ಲ ಎಂಜಿನಿಯರಿಂಗಿಗೋ ಮೆಡಿಸಿನ್ನಿಗೋ ಹೋಗುತ್ತಿದ್ದ ಕಾಲದಲ್ಲಿ ನಾನೊಬ್ಬಳು ಇದಕ್ಕೆ ಹೋಗಿ ಕೂತದ್ದು ಅಪ್ಪನಿಗೆ ನುಂಗಲಾರದ ತುತ್ತಾಗಿತ್ತು. "ಎಂತ ಸ್ಟಡೀಸು ಅದು? ಪೇಪರು ಓದ್ಲಿಕ್ಕೆ ಕಾಲೇಜಿಗೆ ಹೋಗ್ಬೇಕಾ?" ಎಂದು ಊಟಕ್ಕೆ ಕೂತಾಗಲೆಲ್ಲ ಕೇಳುತ್ತಿದ್ದರು. ನಾಲ್ಕು ವರ್ಷದಲ್ಲಿ ಮುಗಿಸಿದರೆ ಸರಿ, ಒಂದು ಸೆಮಿಸ್ಟರು ಹೆಚ್ಚಾದರೂ ಬಿಡಿಸಿ ಅಕೌಂಟಿಂಗಿಗೆ ಹಾಕುತ್ತೇನೆ ಎಂದು ಬೇರೆ ಹೇಳಿದ್ದರು. ಅಪ್ಪ ಹೇಳಿದ್ದನ್ನು ಮಾಡುವ ಪೈಕಿ.

ಆ ಡಿಗ್ರಿಗೆ ಒಂದು ವಿದೇಶಿ ಭಾಷೆ ಬರಬೇಕಿತ್ತು. ಜೊತೆಯವರು ಸ್ಪ್ಯಾನಿಶ್, ರಷ್ಯನ್ ಎಂದು ಒದ್ದಾಡುತ್ತಿದ್ದರೆ ನಾನು ಮಹಾ ಬುದ್ಧಿವಂತಿಕೆಯಿಂದ ನನ್ನ ವಿದೇಶಿ ಭಾಷೆ ಕನ್ನಡ ಎಂದುಬಿಟ್ಟೆ. ಉಡುಪಿಯಲ್ಲಿ ಮೂರನೇ ಕ್ಲಾಸಿನವರೆಗೆ ಓದಿ ಬಂದವಳು. ಅಕ್ಷರ ಬರುತ್ತಿತ್ತು, ಅಜ್ಜನಿಗೆ ಕಾಗದ ಬರೆಯುತ್ತಿದ್ದೆ. ಸಾಲದೆ? ಅಡ್ವೈಸರ್ ಒಪ್ಪಿದರು. ಆದರೆ ಕಾಲೇಜಿನಲ್ಲಿ ಕನ್ನಡ ಗೊತ್ತಿದ್ದವರು ಯಾರೂ ಇರಲಿಲ್ಲ. ಆ ಭಾಷೆಯನ್ನು ಶಾಲೆಯಲ್ಲಿ ಕಲಿಸಿದ ಅನುಭವವಿರುವ ಯಾರಾದರೂ ಪರೀಕ್ಷೆ ಮಾಡಿ ಸಹಿ ಹಾಕಿಕೊಡಲಿ ಎಂದರು. ಅಮ್ಮ ಗಣೇಶನ ಹಬ್ಬದ ಊಟದಲ್ಲಿ ಹತ್ತು ಜನರನ್ನು ಕೇಳಿ ಅಕ್ಕೋರನ್ನು ಪತ್ತೆ ಮಾಡಿದರು. ನಮ್ಮ ಮನೆ ಹೇವರ್ಡಿನಲ್ಲಿ. ಕೊಲ್ಲಿಯ ಸೇತುವೆ ದಾಟಿದರೆ ಫಾಸ್ಟರ್ ಸಿಟಿ. ಅರ್ಧ ಗಂಟೆಯ ಕೆಲಸ ಎಂದುಕೊಂಡು ಅಪ್ಪನ ಹಳೇ ಕಾರು ತೆಗೆದುಕೊಂಡು ಹೋದೆ.

ಬಾಗಿಲು ತೆರೆದವರು ಕುಳ್ಳಗೆ, ತೆಳ್ಳಗೆ, ಕಂದು ಸೀರೆಯ ಮೇಲೆ ಅಳಿಯನ ಸ್ವೆಟರು ಹಾಕಿಕೊಂಡಿದ್ದರು. "ನಮಸ್ತೆ ಆಂಟಿ" ಎಂದೆ.

"ಆಂಟಿ ಅನಬ್ಯಾಡ. ನೀ ಪರೀಕ್ಷಾ ಬರಿಯಾಕ ಬಂದೀ. ನಮ್ಮ ಕಡೆ ಸಾಲಿ ಕಲಿಸೋರಿಗೆ ಅಕ್ಕೋರು ಅಂತಾರ. ಹಂಗs ಕರಿ."

ಊಟದ ಮೇಜಿನ ಮೇಲೆ ಪ್ಲಾಸ್ಟಿಕ್ ಹಾಸು ಒರೆಸಿ, ನನ್ನ ಕೈಗೆ ಬಿಳಿ ಹಾಳೆ ಕೊಟ್ಟು ಕೂರಿಸಿದರು. ಹಿಂದಿನ ಗಾಜಿನ ಬಾಗಿಲಾಚೆ ಲಗೂನು ಎನ್ನುವ ಹಿನ್ನೀರ ಕೆರೆ, ಅದರಲ್ಲಿ ಬಾತುಗಳು. ಕಾಲೇಜಿನವರು ಕೊಟ್ಟಿದ್ದದ್ದು ಅಂತಾರಾಷ್ಟ್ರೀಯ ಕಾನೂನಿನ ಪುಸ್ತಕದ ಒಂದು ಪುಟ. ಒಂದು ದೇಶದಲ್ಲಿ ನೆಲೆಸಿರುವ ಬೇರೆ ದೇಶದವರ ಹಕ್ಕುಗಳ ಬಗ್ಗೆ, ಇಂಗ್ಲಿಷಿನಲ್ಲಿ. ಅದನ್ನು ಕನ್ನಡಕ್ಕೆ ತರಬೇಕು. ಅಂಥವರಿಗೆ ಪುಟದ ತುಂಬ 'ಏಲಿಯನ್' ಎಂಬ ಪದ. ನಾನು ಯೋಚಿಸಿದೆ: ಪರ ಎಂದರೆ ಬೇರೆ, ದೇಶ ಎಂದರೆ ದೇಶ. ಸರಾಗವಾಗಿ ಬರೆದುಕೊಂಡು ಹೋದೆ.

ಅಕ್ಕೋರು ಹಾಳೆ ತೆಗೆದುಕೊಂಡು ಗಟ್ಟಿಯಾಗಿ ಓದಿದರು. "ಪರದೇಶಿಗಳಿಗೆ ಎಲ್ಲ ದೇಶಗಳಲ್ಲಿಯೂ ಕೆಲವು ಹಕ್ಕುಗಳಿವೆ. ಪರದೇಶಿಗಳನ್ನು ಕಾರಣವಿಲ್ಲದೆ ಹೊರಗೆ ಹಾಕುವಂತಿಲ್ಲ. ಪರದೇಶಿಗಳು ತಾವಿರುವ ದೇಶದ ಕಾನೂನಿಗೆ ತಲೆಬಾಗಬೇಕು." ಕೈ ತುರುಬಿಗೆ ಹೋಯಿತು. ಕೂದಲು ಜಾರಿತು.

"ಪರದೇಶಿ ಅಂದ್ರ ಯಾರವಾ?"

"ಬೇರೆ ದೇಶದವರು, ಅಕ್ಕೋರೆ. ಫಾರಿನರ್ಸು."

"ಹಂಗಂತ ಯಾರು ಹೇಳಿದ್ರು ನಿನಗ? ಪರದೇಶಿ ಅಂದ್ರ ಹಿಂದಿಲ್ಲ, ಮುಂದಿಲ್ಲ, ದಿಕ್ಕಿಲ್ಲದವರು. ತಾಯಿ ಸತ್ತ ಕೂಸಿಗೆ ಅಂತೀವಿ, ಪಾಪ, ಪರದೇಶಿ ಆತು ಅಂತ."

ಅಷ್ಟರಲ್ಲಿ ಒಳಗಿನಿಂದ ಮೊಮ್ಮಗಳು ಒಂದೇ ಕಾಲಿಗೆ ಸಾಕ್ಸು ಹಾಕಿಕೊಂಡು ಬಂದು ಅವರ ಮೊಣಕಾಲು ಹಿಡಿದು ನಿಂತಿತು. ಅಕ್ಕೋರು ಹಾಳೆ ಕೆಳಗಿಟ್ಟು ಎದ್ದರು. ಕೂಸಿನ ಇನ್ನೊಂದು ಸಾಕ್ಸು ಹುಡುಕಿ ಹಾಕಿದರು. ಆಮೇಲೆ ನನ್ನ ಹಾಳೆಯ ಮೇಲೆ ಉದ್ದಕ್ಕೆ ಕೆಂಪು ಗೆರೆ ಎಳೆದು, "ಫೇಲು" ಎಂದರು.

ನಾನು ತಮಾಷೆ ಎಂದುಕೊಂಡೆ. ತಮಾಷೆಯಲ್ಲ. ಅಪ್ಪನ ವಿಷಯ ಹೇಳಿದೆ, ಅಕೌಂಟಿಂಗಿನ ವಿಷಯ ಹೇಳಿದೆ, ಇಲ್ಲಿ ಯಾರಿಗೂ ಕನ್ನಡ ಗೊತ್ತಿಲ್ಲ, ಒಂದು ಸಹಿ ಹಾಕಿದರೆ ಯಾರಿಗೂ ನಷ್ಟವಿಲ್ಲ ಎಂದೂ ಹೇಳಿದೆ. "ಯಾರಿಗೂ ಗೊತ್ತಿಲ್ಲ, ಖರೆ. ನನಗ ಗೊತ್ತೈತಲ್ಲ" ಎಂದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಎದ್ದು ಹೋಗಿಬಿಡಬೇಕು ಎನ್ನಿಸಿತು. ಅಕ್ಕೋರು ಚಹಾ ತಂದಿಟ್ಟು, "ಶನಿವಾರ ಮುಂಜಾನಿ ಸಾಲಿ. ಬಾ. ಬ್ಯಾಸಗಿ ಬರೂದ್ರಾಗ ಪಾಸ್ ಮಾಡಸ್ತೀನಿ" ಎಂದರು. ಊರಿನಲ್ಲಿ ಶನಿವಾರವೆಂದರೆ ಬೆಳಗಿನ ಶಾಲೆಯಲ್ಲವೆ. ಆ ಲೆಕ್ಕ ಅವರು ಇಲ್ಲಿಗೂ ತಂದಿದ್ದರು.

ಎದ್ದವಳು ಬಾಗಿಲ ಹತ್ತಿರ "ನಾನು ಹೋಗ್ತೇನೆ" ಎಂದೆ.

"ನಿಲ್ಲು." ಅಲ್ಲಿಯವರೆಗೆ ಬೈಯುವಾಗಲೂ ಏರದ ಅವರ ದನಿ ಆಗ ಏರಿತು. "ಒಳಗ ಬಾ. ಕುಂದ್ರು."

ಬಂದು ಕೂತೆ. "ಈಗ ಏಳು. ಹೋಗಿ ಬರ್ತೀನಿ ಅನ್ನು. ಈ ಮನ್ಯಾಗ ಇನ್ನೊಮ್ಮೆ ಬರೇ ಹೋಗ್ತೀನಿ ಅನಬ್ಯಾಡ."

"ಹೋಗಿ ಬರ್ತೇನೆ" ಎಂದು ಹೇಳಿ ಹೊರಟೆ. ಮುದುಕಿಗೆ ತಲೆ ಕೆಟ್ಟಿದೆ ಎಂದು ಸೇತುವೆ ಮುಗಿಯುವವರೆಗೂ ಕಾರಿನಲ್ಲಿ ಒಬ್ಬಳೇ ಬೈದುಕೊಂಡೆ.

ಆದರೂ ಹೋದೆ. ಬೇರೆ ದಾರಿ ಇರಲಿಲ್ಲ. ಒಂದೆರಡು ತಿಂಗಳು ಕಳೆಯುವುದರಲ್ಲಿ, ಶನಿವಾರ ಬಂದರೆ ಯಾರೂ ಎಬ್ಬಿಸದೆ ಏಳುತ್ತಿದ್ದೆ.

ಅಕ್ಕೋರು ನನಗೆ ಬೇರೆ ಪಠ್ಯ ಇಡಲಿಲ್ಲ. ನನ್ನ ಕಾಲೇಜಿನ ಪುಸ್ತಕಗಳನ್ನೇ ತರಿಸಿ, ಆ ವಾರ ಕ್ಲಾಸಿನಲ್ಲಿ ಏನಾಯಿತೋ ಅದನ್ನು ಕನ್ನಡದಲ್ಲಿ ಹೇಳು ಎನ್ನುತ್ತಿದ್ದರು. ಅವರು ಒಗ್ಗರಣೆ ಹಾಕುವರು, ನಾನು ಹೇಳಬೇಕು. ಎರಡು ದೊಡ್ಡ ದೇಶಗಳ ಬಲ ಸಮಸಮ ಇದ್ದರೆ ಯುದ್ಧ ಆಗುವುದಿಲ್ಲ ಎಂದು ನಾನು ವಿವರಿಸಿದಾಗ ಸಟ್ಟುಗ ಹಿಡಿದೇ ತಿರುಗಿ ನೋಡಿದರು. "ಯಾರ ಹೇಳ್ಯಾರ? ನಮ್ಮ ಓಣ್ಯಾಗ ಸಮಾ ಇದ್ದೋರs ಗುದ್ದಾಡತಿದ್ರು. ಒಬ್ಬ ದೊಡ್ಡಾಂವ, ಒಬ್ಬ ಸಣ್ಣಾಂವ ಇದ್ರ ಸಣ್ಣಾಂವ ತೆಪ್ಪಗ ಮನಿಗೆ ಹೋಗತಿದ್ದ." ಶೀತಲ ಸಮರದ ಬಗ್ಗೆ ಒಂದಿಡೀ ಬೆಳಿಗ್ಗೆ ಕೊರೆದೆ. ಕೊನೆಗೆ ಅವರು, "ತಿಳೀತು ಬಿಡು. ನಾನೂ ನಮ್ಮ ಅಳಿಯಾನೂ ಈ ಮನ್ಯಾಗ ಇರೂ ಹಂಗ" ಎಂದರು. ಅಳಿಯ ಕೆಟ್ಟವನಲ್ಲ. ಹುಬ್ಬಳ್ಳಿಯವನು, ಮೆನ್ಲೋ ಪಾರ್ಕಿನಲ್ಲಿ ಎಂಜಿನಿಯರು. ಹೆಂಡತಿ ಸತ್ತ ಮೇಲೆ ಅವನ ಮಾತೇ ನಿಂತುಹೋಗಿತ್ತು. ಕೆಲಸದಿಂದ ಬಂದು ಮಗಳನ್ನು ಎದೆಯ ಮೇಲೆ ಮಲಗಿಸಿಕೊಂಡು ಟೀವಿ ಮುಂದೆ ಕೂತುಬಿಡುತ್ತಿದ್ದನಂತೆ. ಟೀವಿ ಹಾಕಿರುತ್ತಿರಲಿಲ್ಲವಂತೆ.

ಅನುವಾದದ ಬಗ್ಗೆ ಅವರದೊಂದು ಮಾತು ಇತ್ತು. ನನಗೆ ಎಷ್ಟು ಸಲ ಹೇಳಿದರೋ. "ಶಬ್ದ ಎತ್ತಿ ಒಯ್ದು ಆ ಕಡೆ ಇಟ್ರ ಮುಗೀಲಿಲ್ಲ. ಆ ಕಡಿ ಮಂದಿ ಅದನ್ನ ಏನಂತ ತಿಳ್ಕೋತಾರ, ಅದು ಮುಖ್ಯ." ಪರದೇಶಿ ಎಂದು ಬರೆದ ನನಗೆ ಈ ಮಾತು ಚುಚ್ಚಲೆಂದೇ ಹೇಳುತ್ತಾರೆ ಎಂದು ಮೊದಮೊದಲು ಅನ್ನಿಸುತ್ತಿತ್ತು.

ಪಾಠ ಮುಗಿದ ಮೇಲೆ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಲಗೂನಿನ ದಂಡೆಯಲ್ಲಿ ಸುತ್ತುತ್ತಿದ್ದೆವು. ಆ ಊರಿನ ನೆಲ ಮೊದಲು ಜೌಗಾಗಿತ್ತು, ಹೊರಗಿನಿಂದ ಮಣ್ಣು ತಂದು ಸುರಿದು ಊರು ಕಟ್ಟಿದ್ದು ಎಂದು ಒಮ್ಮೆ ಹೇಳಿದೆ. ಅಕ್ಕೋರು ನಿಂತು ಕಾಲ ಕೆಳಗೆ ನೋಡಿದರು. "ಹೌದಾ? ಮಣ್ಣಿಗೆ ಯಾರೂ ಕೇಳಲಿಲ್ಲೇನು, ಎಷ್ಟ ದಿನಾ ಇರ್ತೀ ಅಂತ?" ನನಗೆ ನಗು ಬಂತು. ಅವರು ನಗಲಿಲ್ಲ. ವೀಸಾದ ಗಡುವು ಹತ್ತಿರ ಬರುತ್ತಿತ್ತು.

ಮಗಳ ವಿಷಯ ಅವರು ಹೇಳಿದ್ದು ಒಂದೇ ಸಲ, ಆ ದಂಡೆಯಲ್ಲೇ. ಆಸ್ಪತ್ರೆಯಲ್ಲಿ ಕೊನೆಯ ದಿನ ಮಗುವನ್ನು ಕರೆದೊಯ್ದಿದ್ದರಂತೆ. ಅದು ಮಂಚದ ಮೇಲೆ ಕೂತು ಅಮ್ಮನ ಕೈಗೆ ಅಂಟಿಸಿದ್ದ ಪಟ್ಟಿಯನ್ನು ಕೀಳುತ್ತಿತ್ತಂತೆ. ಮಗಳು ಕಣ್ಣು ಬಿಟ್ಟು ಇಬ್ಬರನ್ನೂ ನೋಡಿ, "ಹೋಗ್ತೀನವ್ವಾ" ಎಂದಳಂತೆ.

"ಹೋಗಿ ಬರ್ತೀನಿ ಅನಲಿಲ್ಲ, ತಂಗಿ. ಕನ್ನಡ ಅಕ್ಕೋರ ಮಗಳು. ಯಾವಾಗ ಏನ ಅನಬೇಕು, ಅಕಿಗೆ ಗೊತ್ತಿತ್ತು."

ಇಂಥ ಹೊತ್ತಿಗೆ ಇಂಗ್ಲಿಷಿನಲ್ಲಾದರೆ ಹೇಳಲು ಒಂದು ಮಾತಿದೆ. ಕನ್ನಡದಲ್ಲಿ ನನಗೆ ಆಗ ಏನೂ ಗೊತ್ತಿರಲಿಲ್ಲ. ತಳ್ಳುಗಾಡಿಯನ್ನು ಅವರ ಕೈಯಿಂದ ತೆಗೆದುಕೊಂಡು ನಾನು ತಳ್ಳಿದೆ.

ಆ ಚಳಿಗಾಲದಲ್ಲಿ ನಾನು ಓದುವ ವಿದ್ಯೆಯಿಂದ ಒಂದು ಉಪಕಾರವಾಗಲಿ ಎಂದು ಹಟ ಹಿಡಿದೆ. ಲೈಬ್ರರಿಯಲ್ಲಿ ಕೂತು ವಲಸೆ ಕಾನೂನು ಓದಿದೆ. ಈ ದೇಶದ ಪ್ರಜೆಯಾದ ಮಗ ಅಥವಾ ಮಗಳು ತಾಯಿಯನ್ನು ಕರೆಸಿಕೊಂಡು ಇಟ್ಟುಕೊಳ್ಳಬಹುದು. ಅಕ್ಕೋರ ಮಗಳು ಪ್ರಜೆಯಾಗುವ ಮೊದಲೇ ತೀರಿಕೊಂಡಿದ್ದಳು. ಮೊಮ್ಮಗಳು ಹುಟ್ಟಿನಿಂದಲೇ ಇಲ್ಲಿಯ ಪ್ರಜೆ, ಆದರೆ ಮೊಮ್ಮಕ್ಕಳು ಅಜ್ಜಿಯನ್ನು ಕರೆಸುವ ದಾರಿಯೇ ಕಾನೂನಿನಲ್ಲಿಲ್ಲ, ಅವರು ಎಷ್ಟು ದೊಡ್ಡವರಾದರೂ ಅಷ್ಟೇ. ಅಳಿಯ ಅತ್ತೆಗೆ ಕಾನೂನಿನ ಕಣ್ಣಿನಲ್ಲಿ ಯಾರೂ ಅಲ್ಲ. ಇದನ್ನೆಲ್ಲ ಶನಿವಾರ ಕನ್ನಡದಲ್ಲಿ ಹೇಳಿದೆ. ಅಕ್ಕೋರು ಒಂದೂ ತಪ್ಪು ಹಿಡಿಯಲಿಲ್ಲ.

"ಅಳಿಯಗ ಇಂಗ್ಲಿಷಿನ್ಯಾಗ ಏನಂತೀರಿ?"

"ಸನ್ ಇನ್ ಲಾ."

"ಲಾ ಅಂದ್ರ ಕಾನೂನಲ್ಲ? ಹೆಸರಿನ್ಯಾಗ ಕಾನೂನು ಇಟ್ಟೀರಿ. ಕಾನೂನಿನ್ಯಾಗ ಅಂವಗ ಜಾಗಾ ಇಲ್ಲ." ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಂಡು ಒಳಗೆ ಹೋದರು. ಅವರ ಜಾಗದಲ್ಲಿ ಕೂತು ನಾನು ಆ ಪುಸ್ತಕವನ್ನೇ ನೋಡುತ್ತಿದ್ದೆ. ಇದನ್ನೇ ಓದಲು ಅಲ್ಲವೇ ಅಪ್ಪನ ಹತ್ತಿರ ಅಷ್ಟು ಜಗಳವಾಡಿದ್ದು ಎಂದು ಜೀವ ಕುಗ್ಗಿತು.

ಉಳಿದದ್ದು ಒಂದೇ ದಾರಿ, ವಿಸಿಟರ್ ವೀಸಾವನ್ನೇ ಇನ್ನೊಮ್ಮೆ ಮುಂದಕ್ಕೆ ಹಾಕಿಸುವುದು. ಅಷ್ಟರಲ್ಲಿ ಮಗು ಸ್ವಲ್ಪ ದೊಡ್ಡದಾಗುತ್ತದೆ, ಅಳಿಯನೂ ಸಾವರಿಸಿಕೊಳ್ಳುತ್ತಾನೆ. ಆದರೆ ಈ ಸಲ ಸ್ಯಾನ್ ಫ್ರಾನ್ಸಿಸ್ಕೋದ ಕಚೇರಿಗೆ ಬಂದು ಮಾತಾಡಿ ಎಂದು ಕರೆ ಬಂತು. ಅಳಿಯ ನನಗೆ ಫೋನು ಮಾಡಿದ. "ನೀವೂ ಬರ್ರಿ. ಅತ್ತಿಯವರಿಗೆ ಇಂಗ್ಲಿಷ್ ತಿಳೀತದ, ಆದ್ರ ಆ ಮಂದಿ ಮುಂದ ಗಾಬರಿ ಆಗ್ತಾರ. ನೀವು ಟ್ರಾನ್ಸ್‌ಲೇಟ್ ಮಾಡ್ರಿ." ನಾನು ಹೆಮ್ಮೆಯಿಂದಲೇ ಒಪ್ಪಿದೆ. ಕೊನೆಗೆ ಅವನಿಗೆ ರಜೆ ಸಿಗದೆ ನಾನೇ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಹೊರಟೆ; ಕಾರಿನಲ್ಲಿ ಹೋಗುತ್ತಾ ಅಕ್ಕೋರಿಗೆ ಎಲ್ಲ ಹೇಳಿಕೊಟ್ಟೆ. ವಿಸಿಟರು ಎಂದರೆ ಬಂದು ಹೋಗುವವರು. ಇಲ್ಲೇ ಉಳಿಯುವ ಮನಸ್ಸಿದೆ ಎಂದು ಅನುಮಾನ ಬಂದರೆ ಆಯಿತು, ಕೆಲಸ ಕೆಟ್ಟಿತು. ಗಡುವು ಮುಗಿದಾಗ ಹೋಗ್ತೀರಾ ಎಂದು ಕೇಳುತ್ತಾರೆ, ಹೋಗುತ್ತೇನೆ ಎನ್ನಬೇಕು. ಅಕ್ಕೋರು ಮಗುವಿನ ತಲೆ ನೇವರಿಸುತ್ತಾ ಕಿಟಕಿಯಾಚೆ ನೋಡುತ್ತಿದ್ದರು. ದಾರಿಯುದ್ದಕ್ಕೂ ಮಂಜು ಕವಿದಿತ್ತು.

ಅಧಿಕಾರಿ ವಯಸ್ಸಾದವನು, ಶೀತವಾಗಿ ಮೂಗು ಕೆಂಪಾಗಿತ್ತು. ಮಗುವಿಗೆ ಆಡಲು ತನ್ನ ಮೇಜಿನ ಮೇಲಿದ್ದ ಕಾಗದದ ಕ್ಲಿಪ್ಪುಗಳ ಡಬ್ಬಿ ಕೊಟ್ಟ. ಅವನನ್ನು ದೂರಲು ನನ್ನ ಹತ್ತಿರ ಇವತ್ತಿಗೂ ಏನೂ ಇಲ್ಲ. ಊರಿನಲ್ಲಿ ಮನೆಯಿದೆಯೇ, ಪೆನ್ಶನ್ ಬರುತ್ತದೆಯೇ ಎಂದೆಲ್ಲ ಕೇಳಿದ. ಅಕ್ಕೋರು ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲ ಸಲೀಸಾಗಿ ನಡೆಯುತ್ತಿತ್ತು. ಕೊನೆಗೆ ಅವನು ಪೆನ್ನು ತೆಗೆದುಕೊಂಡು, ನಾನು ಹೇಳಿಕೊಟ್ಟಿದ್ದ ಪ್ರಶ್ನೆಯನ್ನೇ ಕೇಳಿದ: ಈ ಆರು ತಿಂಗಳು ಕೊಟ್ಟರೆ, ಮುಗಿದ ಮೇಲೆ ಹೋಗುತ್ತೀರಾ?

ನಾನು ಬಾಯಿ ತೆರೆಯುವ ಮೊದಲೇ ಅಕ್ಕೋರು ತಾವೇ ಇಂಗ್ಲಿಷಿನಲ್ಲಿ ಹೇಳಿದರು. "ಎಸ್ ಸರ್. ಐ ವಿಲ್ ಗೋ ಅಂಡ್ ಕಮ್."

ಅವನು ಪೆನ್ನು ನಿಲ್ಲಿಸಿದ. "ಕಮ್?"

ಇದು ನಮ್ಮ ಕಡೆ ಹೊರಡುವಾಗ ಹೇಳುವ ರೂಢಿಯ ಮಾತು ಸರ್, ವಾಪಸು ಬರುತ್ತೇನೆ ಎಂಬ ಅರ್ಥವಲ್ಲ ಎಂದು ಗಡಬಡಿಸಿ ವಿವರಿಸಿದೆ. ಅವನು ಕೈಯೆತ್ತಿ ತಡೆದ. ಅರ್ಥ ಹೇಳುವುದು ನಿನ್ನ ಕೆಲಸವಲ್ಲ, ಅವರು ಏನು ಹೇಳುತ್ತಾರೋ ಅದನ್ನಷ್ಟೇ ಹೇಳು ಎಂದ. ಮತ್ತೆ ಅಕ್ಕೋರ ಕಡೆ ತಿರುಗಿ, ನಿಧಾನವಾಗಿ, ಕಿವಿ ಕೇಳದವರಿಗೆ ಹೇಳುವಂತೆ ಕೇಳಿದ: ಹೋಗುತ್ತೀರೋ? ಬರುತ್ತೀರೋ?

ನಾನು ಅವರ ಕಿವಿಯ ಹತ್ತಿರ ಬಾಗಿ ಕನ್ನಡದಲ್ಲಿ ಬೇಡಿಕೊಂಡೆ. "ಅಕ್ಕೋರೆ, ಬರೀ ಹೋಗ್ತೇನೆ ಅನ್ನಿ. ಅಷ್ಟೇ ಸಾಕು. ಒಂದೇ ಒಂದು ಮಾತು."

ಅಕ್ಕೋರಿಗೆ ತಿಳಿಯದೇ ಇತ್ತೆ? ಶಬ್ದ ಎತ್ತಿ ಆ ಕಡೆ ಇಟ್ಟರೆ ಅಲ್ಲಿಯವರು ಏನೆಂದು ತಿಳಿಯುತ್ತಾರೆ ಎಂದು ಅಷ್ಟೂ ಶನಿವಾರ ನನ್ನ ತಲೆ ತಿಂದವರು ಅವರು. ಮೊದಲ ಸಲ ರೂಢಿಯಲ್ಲಿ ಬಾಯಿ ತಪ್ಪಿ ಬಂದಿರಬಹುದು. ಎರಡನೆಯ ಸಲ ಹಾಗಲ್ಲ. ಅವರ ತೊಡೆಯ ಮೇಲೆ ಕೂತ ಮಗು ಕ್ಲಿಪ್ಪಿಗೆ ಕ್ಲಿಪ್ಪು ಸಿಕ್ಕಿಸುತ್ತಿತ್ತು. ಅಕ್ಕೋರು ಅದರ ನೆತ್ತಿಯನ್ನು ನೋಡಿದರು.

"ಆ ಮಾತು ಈ ಕೂಸಿನ ಮುಂದ ಒಮ್ಮೆ ಆಗೇತಿ" ಎಂದರು, ನನಗೆ ಮಾತ್ರ ಕೇಳುವಂತೆ. "ಇನ್ನೊಮ್ಮೆ ನನ್ನ ಬಾಯಿಂದ ಆಗೂದಿಲ್ಲ."

ಆಮೇಲೆ ತಲೆಯೆತ್ತಿ ಅಧಿಕಾರಿಗೆ, ಕ್ಲಾಸಿನಲ್ಲಿ ಪದ್ಯ ಓದುವ ಸ್ಪಷ್ಟ ದನಿಯಲ್ಲಿ ಹೇಳಿದರು. "ಐ ವಿಲ್ ಗೋ ಅಂಡ್ ಕಮ್, ಸರ್."

ಅವನು ಬರೆದುಕೊಂಡ. ತಿಂಗಳೊಳಗೆ ಹೊರಡಬೇಕೆಂದು ಉತ್ತರ ಬಂತು.

ಅವತ್ತು ವಾಪಸು ಬರುವಾಗ ಕಾರಿನಲ್ಲಿ ನನಗೆ ಅವರ ಮೇಲೆ ಕೆಟ್ಟ ಸಿಟ್ಟು. ಒಂದು ಮಾತು, ಅದೂ ಇಂಗ್ಲಿಷಿನಲ್ಲಿ, ಅದೂ ಯಾರೋ ಗೊತ್ತಿಲ್ಲದವನ ಮುಂದೆ. ಮಗುವಿಗೆ ಇಂಗ್ಲಿಷಿನ ಆ ಮಾತಿಗೂ ಆಸ್ಪತ್ರೆಯ ಮಾತಿಗೂ ಸಂಬಂಧ ತಿಳಿಯುತ್ತಿತ್ತೇ? ಆಸ್ಪತ್ರೆಯಾದರೂ ಅದಕ್ಕೆ ನೆನಪಿರುತ್ತಿತ್ತೇ? ಇದನ್ನೆಲ್ಲ ಕೇಳಬೇಕೆಂದು ಬಾಯಿಯ ತುದಿಗೆ ಬಂದಿತ್ತು. ಕನ್ನಡಿಯಲ್ಲಿ ನೋಡಿದೆ. ಹಿಂದಿನ ಸೀಟಿನಲ್ಲಿ ಮಗು ನಿದ್ದೆ ಹೋಗಿತ್ತು, ಅದರ ಕೈ ಅಕ್ಕೋರ ಸೆರಗನ್ನು ಹಿಡಿದುಕೊಂಡಿತ್ತು. ಅಕ್ಕೋರು ಸದ್ದಿಲ್ಲದೆ ಅಳುತ್ತಿದ್ದರು. ನಾನು ರಸ್ತೆ ನೋಡಿಕೊಂಡು ಕಾರು ಓಡಿಸಿದೆ.

ಹೊರಡುವ ಮುಂಚಿನ ಶನಿವಾರ ನನ್ನ ಪರೀಕ್ಷೆ ಮಾಡಿದರು. ನಡುಮನೆಯಲ್ಲಿ ಸೂಟ್‌ಕೇಸು ತೆರೆದಿತ್ತು. ಅಳಿಯ ಮಗುವನ್ನು ಇನ್ನು ಮುಂದೆ ಹಗಲು ಬಿಡಬೇಕಾಗಿದ್ದ ಡೇಕೇರ್ ತೋರಿಸಲು ಕರೆದುಕೊಂಡು ಹೋಗಿದ್ದ. ಈ ಸ್ಥಿತಿಯಲ್ಲಿ ಬೇಡ ಅಕ್ಕೋರೆ ಎಂದೆ. "ಪಾಸ್ ಮಾಡಸ್ತೀನಿ ಅಂದಿದ್ದೆ" ಎಂದು ಅದೇ ಪುಟ, ಅದೇ ಕಾನೂನಿನ ಪುಟ ಮುಂದಿಟ್ಟರು. ಈ ಸಲ ನಾನು 'ಅನ್ಯದೇಶೀಯರು' ಎಂದು ಬರೆದೆ. ಮೊದಲಿನಿಂದ ಕೊನೆಯವರೆಗೆ ಓದಿದರು. ತುರುಬಿಗೆ ಕೈ ಹೋಗಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ, "ಅವತ್ತ ನೀ ಬರದದ್ದು ತಪ್ಪಲ್ಲ, ತಂಗಿ. ನಾನs ಫೇಲ್ ಮಾಡಿದೆ" ಎಂದರು.

"ಇಲ್ಲ ಅಕ್ಕೋರೆ, ತಪ್ಪೇ. ಏಲಿಯನ್ ಅಂದ್ರೆ ಪರದೇಶಿ ಅಲ್ಲ."

"ಡಿಕ್ಷನರ್‍ಯಾಗ ಅಲ್ಲ" ಎಂದರು.

ಸಹಿ ಹಾಕಿದರು. ಪೆನ್ಸಿಲನ್ನು ನನಗೆ ಕೊಡುತ್ತಾರೇನೋ ಎಂದು ಒಳಗೊಳಗೇ ಆಸೆಯಿತ್ತು. ಕೊಡಲಿಲ್ಲ. ಅದನ್ನು ತುರುಬಿನಲ್ಲೇ ಇಟ್ಟುಕೊಂಡು ಊರಿಗೆ ಹೋದರು.

ಏರ್‌ಪೋರ್ಟಿಗೆ ನಾನು ಹೋಗಿರಲಿಲ್ಲ, ಅಳಿಯ ಹೇಳಿದ್ದು. ಅಕ್ಕೋರು ಮಗುವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು "ಹೋಗಿ ಬರ್ತೀನಿ" ಎಂದರಂತೆ. ಆಗತಾನೇ ವಾಕ್ಯ ಜೋಡಿಸಲು ಕಲಿತಿದ್ದ ಮಗು ಇಂಗ್ಲಿಷಿನಲ್ಲಿ, "ಓಕೆ ಅಜ್ಜಿ, ಕಮ್" ಎಂದಿತಂತೆ.

ನಾನು ಜೂನಿನಲ್ಲಿ ಪದವಿ ತೆಗೆದುಕೊಂಡೆ. ಅಪ್ಪ ಸೂಟು ಹಾಕಿಕೊಂಡು ಬಂದು ಫೋಟೋ ತೆಗೆಸಿಕೊಂಡರು. ಅಕ್ಕೋರು ಊರಿನಿಂದ ಮತ್ತೆ ವೀಸಾಕ್ಕೆ ಹಾಕಿದರು, ಸಿಗಲಿಲ್ಲ. ಇನ್ನೊಮ್ಮೆ ಹಾಕಿದರು. ಮರಳಿ ಬಂದು ನೆಲೆಸುವ ಮನಸ್ಸು ಇರುವವರು ಎಂದು ಅವರ ಹಳೆಯ ಕಾಗದಗಳಲ್ಲಿ ದಾಖಲಾಗಿತ್ತಂತೆ. ಅದೂ ಸುಳ್ಳಲ್ಲ. ಅಳಿಯ ವರ್ಷಕ್ಕೊಮ್ಮೆ ಮಗಳನ್ನು ಕರೆದುಕೊಂಡು ಹೋಗಬೇಕು ಎಂದುಕೊಂಡ. ರಜೆ ಸಿಗಲಿಲ್ಲ, ಆಮೇಲೆ ಇನ್ನೊಂದು ಮದುವೆಯಾಯಿತು. ಫೋನಿನಲ್ಲಿ ಮಗು ಮಾತಾಡುವ ಇಂಗ್ಲಿಷ್ ಅಕ್ಕೋರಿಗೆ ಬರಬರುತ್ತಾ ತಿಳಿಯದಾಯಿತು. ಹೀಗೇ ಹಲವು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅಳಿಯನ ಫೋನು ಬಂತು.

"ನಿಮ್ಮ ಅಕ್ಕೋರು ಹೋದ್ರು" ಎಂದ.

ನಮ್ಮ ಭಾಷೆಯಲ್ಲಿ ಅದಕ್ಕೂ ಆ ಮಾತೇ. ಅವರು ಆ ಒಂದು ಮಾತನ್ನು ತಡೆದು ಹಿಡಿದದ್ದಕ್ಕೆ ಏನೇನು ತೆತ್ತರು ಎಂದು ನೆನೆದು ಅಡುಗೆಮನೆಯಲ್ಲೇ ಕೂತು ಅತ್ತೆ. ಕೊನೆಗೆ ಅದನ್ನು ಅವರ ಬಗ್ಗೆ ಬೇರೆ ಯಾರೋ ಹೇಳಿ ಮುಗಿಸಿದ್ದರು.

ಆ ಡಿಗ್ರಿಯಿಂದ ನಾನು ರಾಯಭಾರಿಯೂ ಆಗಲಿಲ್ಲ, ಪ್ರೊಫೆಸರೂ ಆಗಲಿಲ್ಲ. ದುಭಾಷಿಯಾದೆ. ವಲಸೆಯ ಕಚೇರಿಗಳಲ್ಲಿ, ಕೋರ್ಟುಗಳಲ್ಲಿ ಇಂಗ್ಲಿಷ್ ಬಾರದ ನಮ್ಮ ಹಿರಿಯರ ಪಕ್ಕದಲ್ಲಿ ಕೂರುತ್ತೇನೆ. ಅವರಲ್ಲಿ ಹೆಂಗಸರೇ ಹೆಚ್ಚು. ಮಗನ ಮನೆಗೆ, ಮಗಳ ಮನೆಗೆ ಬಂದವರು. ನಾನು ಮೊದಲೇ ಅವರಿಗೆ ಏನೂ ಹೇಳಿಕೊಡುವಂತಿಲ್ಲ, ಅದು ನಿಯಮ. ಅಧಿಕಾರಿ ಆ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಅವರು ಕೈಚೀಲವನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ಧಾರವಾಡದವರಾಗಲಿ ಮಂಗಳೂರಿನವರಾಗಲಿ, ಅದೇ ಉತ್ತರ ಹೇಳುತ್ತಾರೆ. "ಹೋಗಿ ಬರ್ತೀನ್ರಿ." "ಹೋಗಿ ಬರ್ತೇನೆ."

ದುಭಾಷಿಯ ಕೆಲಸದಲ್ಲಿ 'ಅವರು ಹೀಗೆನ್ನುತ್ತಾರೆ' ಎಂದು ಹೇಳುವುದಿಲ್ಲ. ನಾನೇ ಅವರ ಬಾಯಾಗಿ, 'ನಾನು' ಎಂದೇ ಹೇಳಬೇಕು. ಆ ಕಡೆಯವರು ಏನೆಂದು ತಿಳಿದುಕೊಳ್ಳುತ್ತಾರೆ ಎಂಬುದು ಮುಖ್ಯ ಎಂದು ಅಕ್ಕೋರು ಕಲಿಸಿದ್ದಾರೆ. ಆದ್ದರಿಂದ ನಾನು ಅಧಿಕಾರಿಯ ಮುಖ ನೋಡಿ ಇಂಗ್ಲಿಷಿನಲ್ಲಿ ಹೇಳುತ್ತೇನೆ: "ಐ ವಿಲ್ ಗೋ." ಪಕ್ಕದಲ್ಲಿ ಕೂತವರು ಆಡದೇ ಉಳಿಸಿಕೊಂಡ ಮಾತನ್ನು ಅವರಿಗೋಸ್ಕರ ನಾನು ಆಡುತ್ತೇನೆ. ಅನುವಾದ ಸರಿಯಾಗಿದೆ, ಅವರಿಗೆ ಆರು ತಿಂಗಳು ಸಿಗುತ್ತದೆ. ನನಗೆ ಮಾತ್ರ ಪ್ರತಿ ಸಲವೂ ಎಲ್ಲೋ ಹಿಂದಿನಿಂದ ಅಕ್ಕೋರು "ನಿಲ್ಲು" ಎಂದಂತಾಗುತ್ತದೆ. ಒಳಗೆ ಬಾ, ಕುಂದ್ರು, ಮತ್ತೆ ಹೇಳು ಎಂದು ಕರೆದಂತಾಗುತ್ತದೆ. ಹೊರಗೆ ಬಂದು ಆ ಹೆಂಗಸರನ್ನು ಕಾರಿಗೆ ಹತ್ತಿಸುವಾಗ ನಾನು ಅವರಿಗೆ "ಹೋಗಿ ಬನ್ನಿ" ಎನ್ನುತ್ತೇನೆ.